ಕಾವಲಿಯ ಕಪ್ಪು

(ಬಾನುಲಿ ಭಾಷಣದ ಬರಹರೂಪ)

ನಿವೃತ್ತನಾದ ಕನ್ನಡ ಅಧ್ಯಾಪಕನನ್ನು ಬಾನುಲಿಯವರು ಭಾಷಣಕ್ಕೆ ಕರೆದರೆ ಅವನು ಪಂಪನನ್ನು ಕುರಿತೋ ಕುಮಾರವ್ಯಾಸನನ್ನು ಕುರಿತೋ ಮಾತನಾಡುತ್ತಾನೆಂದು ಕೇಳುಗರು ನಿರೀಕ್ಷಿಸುವುದು ಸಹಜ. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದೂ ಅದನ್ನೇ. ಆದರೆ ಈ ಹೊತ್ತು ನಾನು ಆರಿಸಿಕೊಂಡಿರುವ ವಿಷಯ ದೋಸೆಯ ಕಾವಲಿ. ಅದರಲ್ಲಿಯೂ ಅಡುಗೆಮನೆಯ ಹೊರಗೆ, ಹಿತ್ತಿಲ ಒಲೆಯ ಮೇಲೆ, ಬಿಸಿಲು ಮಳೆಗಳ ನಡುವೆ ಬಾಳುವ ಕಬ್ಬಿಣದ ಕಾವಲಿ. ಅದನ್ನು ಶುಚಿ ಮಾಡುವುದು ಹೇಗೆ, ಕಾಪಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ಮಾತಿನ ವ್ಯಾಪ್ತಿ. ಇದರಲ್ಲಿ ನಿಮಗಿರುವ ಅಧಿಕಾರವೇನು ಎಂದು ಯಾರಾದರೂ ಕೇಳಬಹುದು. ಒಂದು ಒಳ್ಳೆಯ ಕಾವಲಿಯನ್ನು ಒಂದೇ ಬೆಳಗಿನಲ್ಲಿ ಕೆಡಿಸಿ, ಅದನ್ನು ಮತ್ತೆ ಒಂದು ಹದಕ್ಕೆ ತರಲು ವರ್ಷಕ್ಕೂ ಮಿಕ್ಕಿ ಹೆಣಗಿದವನು ನಾನು. ಅಧಿಕಾರವೆಂಬುದೇನಾದರೂ ಇದ್ದರೆ ಅದಿಷ್ಟೇ.

ಮೊದಲು ಹೆಸರಿನ ವಿಚಾರ. ಇದು ಅಧ್ಯಾಪಕನ ಚಪಲ, ಕ್ಷಮಿಸಬೇಕು. ಮಲೆನಾಡಿನವರಾದ ನಾವು ಕಾವಲಿ ಎನ್ನುತ್ತೇವೆ; ಬಯಲುಸೀಮೆಯವರು ಹೆಂಚು ಎನ್ನುತ್ತಾರೆ; ಉತ್ತರ ಕರ್ನಾಟಕದಲ್ಲಿ ಅದು ಹಂಚು. ಮನೆಯ ಮಾಡಿಗೆ ಹೊದಿಸುವ ಮಣ್ಣಿನ ಹೆಂಚಿಗೂ ರೊಟ್ಟಿ ಬೇಯಿಸುವ ಕಬ್ಬಿಣದ ಹೆಂಚಿಗೂ ಒಂದೇ ಹೆಸರಿರುವುದನ್ನು ನೋಡಿದರೆ, ಮಣ್ಣಿನ ಹಂಚಿನ ಮೇಲೆ ರೊಟ್ಟಿ ಸುಡುತ್ತಿದ್ದ ಕಾಲದ ನೆನಪು ಆ ಮಾತಿನಲ್ಲಿ ಉಳಿದಿರುವಂತೆ ತೋರುತ್ತದೆ. ಇನ್ನು ಕಾವಲಿ ಎಂಬುದು ಕಾಯ್ ಎಂಬ ಧಾತುವಿನ ಬಳಗಕ್ಕೆ ಸೇರಿದ ಮಾತು. ಕಾವು ಅದರ ಒಡಹುಟ್ಟು. ಕನ್ನಡದಲ್ಲಿ ಕಾಯ್ ಎಂಬ ಧಾತುಗಳು ಎರಡಿವೆ. ಒಂದಕ್ಕೆ ಬಿಸಿಯಾಗು ಎಂದು ಅರ್ಥ, ಇನ್ನೊಂದಕ್ಕೆ ರಕ್ಷಿಸು ಎಂದು ಅರ್ಥ. ಇವೆರಡನ್ನೂ ಒಂದೆಂದು ತಿಳಿಯಬಾರದೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಎಚ್ಚರಿಸಿದ್ದೇನೆ. ಹಿತ್ತಿಲಿಗೆ ಬಂದ ಮೇಲೆ ನನಗೇ ಆ ಎಚ್ಚರ ತಪ್ಪಿತು. ಅಲ್ಲಿ ಕಾಯಿಸುವುದೂ ಕಾಯುವುದೂ ಬೇರೆ ಬೇರೆ ಕೆಲಸಗಳಾಗಿ ಕಾಣಲಿಲ್ಲ.

ಇನ್ನೊಂದು ಮಾತೂ ಮುಖ್ಯವಾದುದು. ಹೊಸ ಕಾವಲಿಯನ್ನು ಬಳಕೆಗೆ ಸಿದ್ಧಗೊಳಿಸುವುದಕ್ಕೆ ನಮ್ಮ ಹೆಂಗಸರು ಪಳಗಿಸುವುದು ಎನ್ನುತ್ತಾರೆ. ಆನೆಯನ್ನು ಪಳಗಿಸುತ್ತಾರೆ, ಹೋರಿಯನ್ನು ಪಳಗಿಸುತ್ತಾರೆ. ನುರಿತ ಕೆಲಸಗಾರನದು ಪಳಗಿದ ಕೈ. ಉಳಿದ ಪಾತ್ರೆಗಳಾವುವಕ್ಕೂ ಈ ಕ್ರಿಯಾಪದ ಸಲ್ಲುವುದನ್ನು ನಾನು ಕೇಳಿಲ್ಲ. ಹಿತ್ತಾಳೆಯ ಕೊಳದಪ್ಪಲೆಯನ್ನು ಬೆಳಗುತ್ತೇವೆ, ತಾಮ್ರದ ಹಂಡೆಯನ್ನು ಬೆಳಗುತ್ತೇವೆ. ಕಾವಲಿಯನ್ನು ಮಾತ್ರ ಪಳಗಿಸುತ್ತೇವೆ. ಈ ವ್ಯತ್ಯಾಸವನ್ನು ನಾನು ಸಕಾಲದಲ್ಲಿ ಗಮನಿಸಿದ್ದಿದ್ದರೆ ಈ ಭಾಷಣದ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಮನೆ ಶಿವಮೊಗ್ಗದಲ್ಲಿದೆ. ಹಿತ್ತಿಲಿನ ಬಾವಿಕಟ್ಟೆಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಸೌದೆ ಒಲೆ ಉಂಟು. ಹತ್ತು ಜನ ಸೇರಿದ ದಿನ ದೋಸೆ ಆಗುತ್ತಿದ್ದದ್ದು ಅಲ್ಲಿಯೇ. ಏಕೆಂದರೆ ನಮ್ಮ ದೊಡ್ಡ ಕಾವಲಿ ಸುಮಾರು ಒಂದು ಮೊಳ ಅಗಲದ್ದು. ಏಳು ಕಿಲೋ ತೂಗುವ ಎರಕದ ಕಬ್ಬಿಣ. ಎತ್ತಲು ಎರಡು ಕಿವಿಗಳು. ಗ್ಯಾಸಿನ ಒಲೆಯ ಪುಟ್ಟ ಉರಿಗೆ ಅದರ ನಡುಭಾಗ ಕಾಯುತ್ತದೆಯೇ ಹೊರತು ಅಂಚು ಕಾಯುವುದಿಲ್ಲ. 1986ರಲ್ಲಿ ನಮ್ಮ ಮದುವೆಯಾದಾಗ ನನ್ನ ಹೆಂಡತಿ ತೀರ್ಥಹಳ್ಳಿಯ ಕಡೆಯ ತನ್ನ ತವರಿನಿಂದ ಅದನ್ನು ತಂದಳು. ಆಗಲೇ ಅದು ಹಳೆಯದು. ಅವಳ ತಾಯಿ ಬಳಸಿದ್ದು. ಅದರ ಮೈ ಕನ್ನಡಿಯಂತೆ ಕಪ್ಪಗೆ ಮಿನುಗುತ್ತಿತ್ತು. ಅದರ ಮೇಲೆ ಹೊಯ್ದ ದೋಸೆ ಮಗುಚುವ ಕೈಯ ತುದಿ ಸೋಕಿದರೆ ಸಾಕು, ತಾನಾಗಿ ಏಳುತ್ತಿತ್ತು. ತಿನ್ನುವವನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ಆಕೆ ತೀರಿಕೊಂಡ ವರ್ಷ ಕಾವಲಿ ಒಲೆಯ ಮೇಲೆಯೇ ಉಳಿಯಿತು. ಮನೆಯಲ್ಲಿ ದೋಸೆ ಮಾಡುವವರೂ ಇರಲಿಲ್ಲ, ತಿನ್ನುವ ಮನಸ್ಸೂ ಇರಲಿಲ್ಲ. ಒಂದು ಮಳೆಗಾಲ ಪೂರ್ತಿ ಕಳೆಯಿತು. ವರ್ಷಾಬ್ದಿಕಕ್ಕೆ ನಾದಿನಿ ಬರುವವಳಿದ್ದಳು. ಅವಳು ಬರುವಷ್ಟರಲ್ಲಿ ಮನೆಯನ್ನು ಒಪ್ಪವಾಗಿಡಬೇಕೆಂದು ಹೊರಟ ನಾನು ಒಂದು ಬೆಳಿಗ್ಗೆ ಕಾವಲಿಯನ್ನು ನೋಡಿದೆ. ಕಪ್ಪು ಮೈ; ಅಲ್ಲಲ್ಲಿ ಕಾಸಿನಗಲದ ತುಕ್ಕಿನ ಕಲೆ; ಅಂಚಿನಲ್ಲಿ ಹಕ್ಕಳೆ. ಛೆ, ಎಷ್ಟು ಕೊಳೆ ಎನಿಸಿತು. ಹುಣಸೆಹಣ್ಣು, ಇಟ್ಟಿಗೆಯ ಪುಡಿ, ಬೂದಿ, ಕೊನೆಗೆ ಉಕ್ಕಿನ ನಾರು, ಹೀಗೆ ಒಂದಾದ ಮೇಲೆ ಒಂದನ್ನು ಹಾಕಿ ಮೂರು ಗಂಟೆ ತಿಕ್ಕಿದೆ. ಕಾವಲಿ ಬೆಳ್ಳಗಾಯಿತು. ಬಿಸಿಲಿಗೆ ಹಿಡಿದು ನೋಡಿ, ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಇಷ್ಟು ಚೆನ್ನಾಗಿ ತೊಳೆದಿರಲಾರರು ಎಂದು ಹೆಮ್ಮೆಪಟ್ಟೆ. ಹೆಮ್ಮೆಯ ಕಾರಣ ನಿಜವೇ ಆಗಿತ್ತು, ಯಾರೂ ತೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆಗೆ ಅದರ ಮೈಯೆಲ್ಲ ಕಿತ್ತಳೆ ಬಣ್ಣದ ಪುಡಿ. ಒರೆಸಿ ಒಲೆಗೇರಿಸಿ ಹಿಟ್ಟು ಹೊಯ್ದರೆ ದೋಸೆ ಏಳಲೊಲ್ಲದು. ಕೆರೆದರೆ ಚೂರು ಚೂರು. ಎಲ್ಲರ ಮನೆಯ ದೋಸೆ ತೂತಾದರೆ ನಮ್ಮ ಮನೆಯ ಕಾವಲಿಯೇ ತೂತು ಎಂಬ ಗಾದೆಯನ್ನು ನೆನೆದು ನಾನು ನಗಲು ನೋಡಿದೆ. ಅಷ್ಟರಲ್ಲಿ ನಾದಿನಿ ಹಿತ್ತಿಲಿಗೆ ಬಂದಳು. ಕಾವಲಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. “ಭಾವ, ಇದು ಅಮ್ಮನ ಕಾವಲಿ” ಎಂದಳು. ಬೇರೇನನ್ನೂ ಹೇಳಲಿಲ್ಲ. ಅವಳ ತಾಯಿಯ ಕೈಯಿಂದ ತೊಡಗಿ ಅವಳ ಅಕ್ಕನ ಕೈಯವರೆಗೆ ಎಪ್ಪತ್ತು ವರ್ಷಗಳಷ್ಟು ಕಾಲ ಪದರ ಪದರವಾಗಿ ಸೇರಿದ್ದ ಏನೋ ಒಂದನ್ನು ನಾನು ಬಚ್ಚಲ ನೀರಿಗೆ ಬಿಟ್ಟಿದ್ದೆನೆಂಬುದು ಆ ಕ್ಷಣಕ್ಕೆ ಅಸ್ಪಷ್ಟವಾಗಿ ಹೊಳೆಯಿತು. ಅದು ಏನೆಂದು ತಿಳಿಯಲು ಇನ್ನೂ ಕೆಲವು ದಿನ ಬೇಕಾಯಿತು.

ಪಾಕಶಾಸ್ತ್ರದ ಬಗೆಗೆ ನಾನು ಏನೂ ಅರಿಯದವನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಧೋಸಕವೆಂಬ ಭಕ್ಷ್ಯದ ಪ್ರಸ್ತಾಪವಿದೆ ಎಂದೂ, 1508ರಲ್ಲಿ ಮಂಗರಸ ಕನ್ನಡದಲ್ಲಿ ಪದ್ಯರೂಪದ ಸೂಪಶಾಸ್ತ್ರವನ್ನು ರಚಿಸಿದನೆಂದೂ ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳಿದವನು. ನನ್ನ ಈ ವಿದ್ವತ್ತು ಕಾವಲಿಯ ಮುಂದೆ ಯಾವ ಪ್ರಯೋಜನಕ್ಕೂ ಬರಲಿಲ್ಲ. ವಿದ್ಯೆ ದೊರೆತದ್ದು ನಮ್ಮ ಬೀದಿಯ ತಿರುವಿನಲ್ಲಿ ಸಂಜೆ ನಿಲ್ಲುವ ದೋಸೆಗಾಡಿಯಲ್ಲಿ.

ಆ ಗಾಡಿಯ ಯಜಮಾನ ಚಿಕ್ಕ ವಯಸ್ಸಿನಿಂದ ಇದೇ ಕಸುಬಿನಲ್ಲಿರುವಾತ. ಆತನ ಕಾವಲಿ ಎರಕದ್ದಲ್ಲ. ಮೂರಡಿ ಉದ್ದದ ದಪ್ಪ ಉಕ್ಕಿನ ಹಲಗೆ. ನಾನು ನನ್ನ ಕಥೆ ಹೇಳಿದಾಗ ಆತ ನಗಲಿಲ್ಲ. “ಮೇಷ್ಟ್ರೆ, ಇದು ಬೆಳಗೋ ಪಾತ್ರೆ ಅಲ್ಲ. ನೀವು ತೆಗೆದದ್ದು ಕೊಳೆಯಲ್ಲ, ಅದರ ಚರ್ಮ. ರಾತ್ರಿ ಗಾಡಿ ಮುಚ್ಚೋ ಹೊತ್ತಿಗೆ ಬನ್ನಿ, ನೋಡಿ” ಎಂದ. ಹತ್ತೂವರೆಗೆ ಹೋಗಿ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತೆ.

ಕೊನೆಯ ದೋಸೆ ಎದ್ದ ಮೇಲೆ ಆತ ಉರಿಯನ್ನು ತಗ್ಗಿಸಿದ, ಆರಿಸಲಿಲ್ಲ. ಚಪ್ಪಟೆಯ ಅಲಗೊಂದನ್ನು ತೆಗೆದುಕೊಂಡು, ಮೈ ಗೀರದಂತೆ ಓರೆಯಾಗಿ ಹಿಡಿದು, ಒಂದೇ ದಿಕ್ಕಿಗೆ ಎಳೆದ. ಸೀದ ಹಿಟ್ಟಿನ ಚೂರುಗಳೂ ಕರಿಕೂ ಒಂದು ಮೂಲೆಗೆ ಬಂದವು. ಚೊಂಬಿನಿಂದ ಬಿಸಿನೀರು ಚಿಮುಕಿಸಿದ. ಚುಂಯ್ ಎಂದು ಎದ್ದ ಆವಿ ಅಂಟಿದ್ದನ್ನೆಲ್ಲ ಅಡಿಯಿಂದ ಸಡಿಲಿಸಿತು. ಕಡ್ಡಿಪೊರಕೆಯಿಂದ ಗುಡಿಸಿದ. ಮತ್ತೆ ನೀರು, ಮತ್ತೆ ಪೊರಕೆ. ಮೂರನೆಯ ಸಲದ ನೀರು ತಿಳಿಯಾಗಿತ್ತು. ಅನಂತರ ಉರಿಯನ್ನು ಏರಿಸಿ ಕಾವಲಿಯನ್ನು ಪೂರ್ತಿ ಒಣಗಿಸಿದ. ಅದರ ಮೇಲೆ ಎಣ್ಣೆಬಟ್ಟೆಯನ್ನು ಆಡಿಸಿ, ಕೂಡಲೇ ಇನ್ನೊಂದು ಒಣಬಟ್ಟೆಯಿಂದ, ಹಚ್ಚಿದ್ದೇ ತಪ್ಪಾಯಿತೆಂಬಂತೆ, ಎಣ್ಣೆಯನ್ನೆಲ್ಲ ಒರೆಸಿ ತೆಗೆದ. ಒಂದು ಎಳೆ ಹೊಗೆ ಏಳುತ್ತಲೇ ಉರಿಯನ್ನು ಆರಿಸಿದ. ಎಲ್ಲವೂ ಸೇರಿ ಹತ್ತು ನಿಮಿಷ. ಸೋಪು ಕಾಣಲಿಲ್ಲ, ಬೂದಿ ಕಾಣಲಿಲ್ಲ, ಹುಣಸೆಹಣ್ಣಂತೂ ಇಲ್ಲವೇ ಇಲ್ಲ. “ಎಣ್ಣೆ ಹಚ್ಚಿ ಯಾಕೆ ತೆಗೀತೀರಿ?” ಎಂದು ಕೇಳಿದೆ. “ಕಣ್ಣಿಗೆ ಕಾಣೋಷ್ಟು ಎಣ್ಣೆ ಉಳಿದರೆ ಬೆಳಿಗ್ಗೆಗೆ ಅಂಟಾಗುತ್ತೆ ಮೇಷ್ಟ್ರೆ” ಎಂದ.

ಈ ಅಂಟಿನ ಮಾತನ್ನು ನಾನು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಗೆಳೆಯರೊಬ್ಬರ ಮುಂದಿಟ್ಟೆ. ಅವರು ವಿವರಿಸಿದ್ದು ಹೀಗೆ. ಎಣ್ಣೆಯ ಒಂದೊಂದು ಅಣುವಿನಲ್ಲಿಯೂ ಮೂರು ಉದ್ದನೆಯ ಸರಪಳಿಗಳಿರುತ್ತವೆ. ಕೆಲವು ಸರಪಳಿಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ಜೋಡಿಬಂಧಗಳಿರುತ್ತವೆ. ಕಾವೂ ಗಾಳಿಯ ಆಮ್ಲಜನಕವೂ ಸೇರಿದಾಗ ಆ ಜೋಡಿಬಂಧಗಳ ಬಳಿ ಒಂದು ಸರಪಳಿ ಇನ್ನೊಂದಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ. ಹೀಗೆ ಬಿಡಿಬಿಡಿಯಾಗಿ ಹರಿದಾಡುತ್ತಿದ್ದ ಅಣುಗಳು ಬಲೆಯಂತೆ ಹೆಣೆದುಕೊಂಡು ಒಂದು ಗಟ್ಟಿ ಪೊರೆಯಾಗುತ್ತವೆ. ಪಾಲಿಮರ್ ಎನ್ನುವುದು ಇದನ್ನೇ. ಇನ್ನಷ್ಟು ಕಾದಾಗ ಅದರ ಒಂದು ಪಾಲು ಕರಿಯಾಗಿ ಬಣ್ಣ ಕಪ್ಪಿಗೆ ತಿರುಗುತ್ತದೆ. ಎಣ್ಣೆಯಿಂದ ಹುಟ್ಟಿದ್ದಾದರೂ ಈಗ ಅದು ಎಣ್ಣೆಯಲ್ಲ. ನೀರಿಗೆ ಕರಗದು, ಒರೆಸಿದರೆ ಬಾರದು. ಅಡುಗೆಮನೆಯ ಎಣ್ಣೆಜಾಡಿಯ ಹೊರಮೈಯಲ್ಲಿ ಕೈಗೆ ಹತ್ತುವ ಹಳದಿ ಜಿಡ್ಡನ್ನು ಎಲ್ಲರೂ ಬಲ್ಲರು. ಅದು ಇದೇ ಬದಲಾವಣೆಯ ಅರ್ಧದಾರಿ. ಎಣ್ಣೆ ದಪ್ಪವಾಗಿದ್ದು ಕಾವು ಸಾಲದಿದ್ದರೆ ಕಾವಲಿಯೂ ಅಲ್ಲಿಯೇ ನಿಂತುಬಿಡುತ್ತದೆ. ಗಾಡಿಯಾತ ಅಂಟು ಎಂದದ್ದು ಅದನ್ನೇ.

ಎರಕದ ಕಬ್ಬಿಣದ ಮೈ ಬರಿಗಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ತಗ್ಗುಗಳಿರುತ್ತವೆ. ಹಿಟ್ಟು ಅವುಗಳೊಳಗೆ ಇಳಿದು ಬರಿಯ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಪೊರೆ ಆ ತಗ್ಗುಗಳನ್ನು ತುಂಬುತ್ತದೆ. ಲೋಹಕ್ಕೂ ಹಿಟ್ಟಿಗೂ ನಡುವೆ ಪರದೆಯಾಗುತ್ತದೆ. ನೀರಿಗೂ ಗಾಳಿಗೂ ಅಡ್ಡವಾಗಿ ತುಕ್ಕನ್ನೂ ತಡೆಯುತ್ತದೆ. ಕಬ್ಬಿಣದ ತುಕ್ಕು ತಾಮ್ರದ ಕಿಲುಬಿನಂತಲ್ಲ. ಅದು ಪುಡಿಪುಡಿಯಾಗಿ ಉದುರುತ್ತದೆ, ಕೆಳಗಿನ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ತಡೆಯದೆ ಬಿಟ್ಟರೆ ಕಾವಲಿಯನ್ನು ತೂತು ಮಾಡುವವರೆಗೂ ಬಿಡುವುದಿಲ್ಲ.

ಹಾಗಾದರೆ ನಾನು ತಿಕ್ಕಿದ ವಸ್ತುಗಳು ಏನು ಮಾಡಿದವು? ಬೂದಿಯಲ್ಲಿ ಕ್ಷಾರವಿದೆ. ಎಣ್ಣೆಯನ್ನು ಸೋಪಾಗಿಸುವುದು ಕ್ಷಾರದ ಗುಣ. ಪೊರೆ ಎಣ್ಣೆಯ ಸಂತತಿಯಾದ್ದರಿಂದ ಪ್ರಬಲವಾದ ಕ್ಷಾರ ಅದನ್ನೂ ಕಡಿಯುತ್ತದೆ. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ, ನಿಜ. ಆದರೆ ಅಲ್ಲಿಗೆ ನಿಲ್ಲದೆ ಪೊರೆಯ ಬಿರುಕುಗಳಲ್ಲಿ ಇಳಿದು ಕಬ್ಬಿಣವನ್ನೂ ತಿನ್ನುತ್ತದೆ. ಉಳಿದದ್ದನ್ನು ಇಟ್ಟಿಗೆಯ ಪುಡಿಯೂ ಉಕ್ಕಿನ ನಾರೂ ಕೆರೆದು ಮುಗಿಸಿದವು. ಹಿತ್ತಾಳೆ ತಾಮ್ರಗಳಿಗೆ ಸರಿಯಾದ ಉಪಚಾರವೆಲ್ಲವನ್ನೂ ನಾನು ಕಬ್ಬಿಣಕ್ಕೆ ಮಾಡಿದ್ದೆ. ಪಾತ್ರೆ ತೊಳೆಯುವ ಈಗಿನ ದ್ರವಸೋಪು ಇಷ್ಟು ಉಗ್ರವಲ್ಲ. ಚೆನ್ನಾಗಿ ಪಳಗಿದ ಮೈಗೆ ಅದರಿಂದ ಅಪಾಯವಿಲ್ಲವೆಂದು ರಸಾಯನಶಾಸ್ತ್ರದ ಗೆಳೆಯರು ಭರವಸೆ ಕೊಟ್ಟರು. ಆದರೂ ನಾನು ಅದನ್ನು ಕಾವಲಿಯ ಹತ್ತಿರಕ್ಕೆ ಒಯ್ಯುವುದಿಲ್ಲ. ಒಮ್ಮೆ ಸುಟ್ಟುಕೊಂಡವನ ಭಯ ಎನ್ನಿ.

ಮತ್ತೆ ಪಳಗಿಸುವ ಕೆಲಸಕ್ಕೆ ಹಿತ್ತಿಲ ಒಲೆಗಿಂತ ಒಳ್ಳೆಯ ಸ್ಥಳವಿಲ್ಲ. ಅದರಿಂದ ಏಳುವ ಹೊಗೆ ಕಣ್ಣಿಗೂ ಗಂಟಲಿಗೂ ಘಾಟು, ಮನೆಯೊಳಗೆ ಮಾಡತಕ್ಕದ್ದಲ್ಲ. ಮೊದಲು ಆ ಕಿತ್ತಳೆ ತುಕ್ಕನ್ನು ತೆಗೆಯಬೇಕಿತ್ತು. ಇಲ್ಲಿ ಹುಣಸೆಗೆ ನ್ಯಾಯವಾದ ಕೆಲಸವಿದೆ, ಬೇಗ ತಿಕ್ಕಿ ಬೇಗ ತೊಳೆಯುವುದಾದರೆ. ಅಂಗಡಿಯಿಂದ ತಂದ ಹೊಸ ಕಾವಲಿಯನ್ನು ನಮ್ಮಲ್ಲಿ ಎರಡು ಮೂರು ದಿನ ಗಂಜಿಯಲ್ಲೋ ಅಕ್ಕಿ ತೊಳೆದ ನೀರಿನಲ್ಲೋ ನೆನೆಸಿಡುವ ರೂಢಿಯಿದೆ. ಆ ನೀರು ಹುಳಿಯೇರಿ ಮೇಲಿನ ತೆಳು ತುಕ್ಕನ್ನು ಸಡಿಲಿಸುತ್ತದೆಂಬುದೇ ಅದರ ಗುಟ್ಟು. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಸಾಲದು. ತಡಮಾಡದೆ ಒಲೆಯ ಮೇಲಿಟ್ಟು ಒಣಗಿಸಬೇಕು. ಅನಂತರ ಕೈತಾಗಿಸಲಾರದಷ್ಟು ಬಿಸಿಯಾದಾಗ ನಾಲ್ಕೇ ಹನಿ ಎಣ್ಣೆ ಹಾಕಿ, ಬಟ್ಟೆಯಿಂದ ಮೈಯೆಲ್ಲ ಸವರಿ, ಒಣಬಟ್ಟೆಯಿಂದ ಒರೆಸಿ ತೆಗೆದು, ಕೆಂಡದ ಮೇಲೆ ಬಿಡಬೇಕು. ಹೊಗೆ ಎದ್ದು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ನಿಲ್ಲುತ್ತದೆ. ಅದು ಒಂದು ಪದರ. ಆರಿಸಿ, ಮತ್ತೆ ಸವರಿ, ಮತ್ತೆ ಕಾಯಿಸುವುದು. ಮೊದಲ ದಿನ ಆರು ಪದರ ಹಾಕಿದೆ. ಮೈ ಒಣಹುಲ್ಲಿನ ಬಣ್ಣಕ್ಕೆ ಬಂತು. ಮರುದಿನ ಇನ್ನೂ ನಾಲ್ಕು, ಕಾಫಿಯ ಬಣ್ಣ. ಉರಿ ಬೇಡ, ಹರಡಿದ ಕೆಂಡವೇ ಬೇಕು. ಉರಿ ಒಂದೇ ಕಡೆಗೆ ನೆಕ್ಕಿ ಅಲ್ಲಿ ಪೊರೆಯನ್ನು ಸುಟ್ಟುಬಿಡುತ್ತದೆ. ಇದನ್ನು ತಿಳಿಯಲು ನನಗೆ ಒಂದು ಇಡೀ ದಿನದ ಕೆಲಸ ವ್ಯರ್ಥವಾಯಿತು.

ಯಾವ ಎಣ್ಣೆ ಎಂಬ ಪ್ರಶ್ನೆ ಬರುತ್ತದೆ. ಜೋಡಿಬಂಧಗಳು ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಪೊರೆಗಟ್ಟುತ್ತದೆ. ಅವುಗಳನ್ನು ಅಳೆಯಲು ರಸಾಯನಶಾಸ್ತ್ರಜ್ಞರು ಅಯೋಡಿನ್ ಸಂಖ್ಯೆ ಎಂಬ ಅಳತೆಯನ್ನು ಇಟ್ಟುಕೊಂಡಿದ್ದಾರೆ. ಅಗಸೆ ಎಣ್ಣೆಯಲ್ಲಿ ಅದು 170ಕ್ಕೂ ಮೇಲು. ಕುಸುಬೆ ಎಣ್ಣೆಯಲ್ಲಿ 140ರ ಆಸುಪಾಸು. ಎಳ್ಳೆಣ್ಣೆಯಲ್ಲಿ 110ರ ಸುತ್ತ. ಕಡಲೆಕಾಯಿ ಎಣ್ಣೆಯಲ್ಲಿ 90ರಿಂದ 100. ತೆಂಗಿನೆಣ್ಣೆಯಲ್ಲಿ ಬರಿಯ 10ರಷ್ಟು. ತೈಲವರ್ಣದ ಚಿತ್ರಕಾರರು ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸುವುದಕ್ಕೂ, ಹುಡುಗರು ಕ್ರಿಕೆಟ್ ಬ್ಯಾಟಿಗೆ ಅದನ್ನು ಉಜ್ಜುವುದಕ್ಕೂ ಇದೇ ಕಾರಣ. ಹಾಗೆಂದು ಅಗಸೆಯೇ ಶ್ರೇಷ್ಠವೆಂದು ಹೇಳಲಾರೆ. ಅದರ ಪೊರೆ ಗಡುಸು. ಕೆಲವು ದಿನಗಳ ಬಳಕೆಯಲ್ಲಿ ಹಕ್ಕಳೆಯೇಳುವುದುಂಟು, ನನ್ನ ಕಾವಲಿಯಲ್ಲಿಯೂ ಎದ್ದಿತು. ಕೊನೆಗೆ ನಾನು ನೆಚ್ಚಿದ್ದು ಕುಸುಬೆ ಎಣ್ಣೆಯನ್ನು. ತೆಂಗಿನೆಣ್ಣೆಯಲ್ಲಿ ದೋಸೆ ಹೊಯ್ಯಬಹುದು, ರುಚಿಗೆ ಅದನ್ನು ಮೀರಿಸಿದ್ದಿಲ್ಲ. ಪಳಗಿಸುವ ಕೆಲಸಕ್ಕೆ ಮಾತ್ರ ಅದು ಆಗದು.

ಪಳಗಿಸಿದ ಮೇಲೆ ಮೊದಲ ವಾರ ದೋಸೆಯ ಆಸೆಯನ್ನು ಬಿಡಬೇಕು. ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುವುದು, ಹೀಗೆ ಎಣ್ಣೆ ಮುಂದಾದ ಕೆಲಸಗಳನ್ನೇ ಅದರ ಮೇಲೆ ಮಾಡಬೇಕು. ಟೊಮೆಟೊ, ಹುಣಸೆಗಳನ್ನು ಹತ್ತಿರ ಸೇರಿಸಬಾರದು. ದೋಸೆಗೆ ಮುಂಚೆ ಎಣ್ಣೆ ಸವರುವುದಕ್ಕೆ ಅರ್ಧ ಈರುಳ್ಳಿಯನ್ನು ಬಳಸುವವರುಂಟು. ಈರುಳ್ಳಿ ಒಳಗೆ ಬಾರದ ಮನೆಗಳಲ್ಲಿ ಬದನೆಕಾಯಿಯ ತೊಟ್ಟು. ಕರಾವಳಿಯ ಕಡೆ ಬಾಳೆಯ ದಂಟು. ನನ್ನ ಹೆಂಡತಿ ತೆಂಗಿನ ನಾರಿನ ಪುಟ್ಟ ಕುಂಚವೊಂದನ್ನು ಕಟ್ಟಿಟ್ಟಿದ್ದಳು. ಅದು ಒಲೆಯ ಮೇಲಿನ ಗೂಡಿನಲ್ಲಿ ಹಾಗೆಯೇ ಇತ್ತು. ಈಗಲೂ ಅದನ್ನೇ ಬಳಸುತ್ತೇನೆ.

ಕಾವಿನ ಹದವೂ ಕಾವಲಿಯ ಆರೋಗ್ಯಕ್ಕೆ ಸೇರಿದ ಸಂಗತಿಯೇ. ನೀರು ಚಿಮುಕಿಸಿದರೆ ಚುರುಗುಟ್ಟಿ ಆರಿಹೋಗಬೇಕು. ಮುತ್ತಿನಂತೆ ಗುಂಡಾಗಿ ಕಾವಲಿಯ ಮೇಲೆ ಓಡಾಡಿದರೆ ಕಾವು ಮೀರಿತೆಂದು ಅರ್ಥ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಕೆಂಡದ ಮೇಲೆ ಕಾಯಿಸಿದ ಕಬ್ಬಿಣದ ಚಮಚದಲ್ಲಿ ನೀರಿನ ಹನಿಯ ಈ ಕುಣಿತವನ್ನು ಪರೀಕ್ಷಿಸಿ 1756ರಲ್ಲಿ ಗ್ರಂಥ ಬರೆದ. ಮೈ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹನಿಯ ಅಡಿಭಾಗ ಒಮ್ಮೆಗೇ ಆವಿಯಾಗಿ, ಆ ಆವಿಯ ಹಾಸಿಗೆಯ ಮೇಲೆ ಹನಿ ತೇಲುತ್ತದೆ. ಹಿಟ್ಟಿನ ಗತಿಯೂ ಹಾಗೆಯೇ. ಹರಡಲು ಹೋದರೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಆಗ ತಣ್ಣೀರನ್ನು ಒಂದೇ ಸಲ ಸುರಿಯುವುದು ಅನಾಹುತ. ಎರಕದ ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಇಂಗಾಲವಿರುವುದರಿಂದ ಅದು ಬಿರುಸು. ಒಂದು ಕಡೆ ತಟ್ಟನೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿಯೇ ಇದ್ದರೆ ಠಪ್ಪೆಂದು ಸೀಳುತ್ತದೆ. ಗಾಡಿಯಾತನ ಉಕ್ಕಿನ ಹಲಗೆ ಸೀಳದು, ಸೊಟ್ಟಗಾದೀತು. ಆತ ಬಿಸಿನೀರನ್ನು, ಅದನ್ನೂ ಚಿಮುಕಿಸಿಯೇ, ಬಳಸಿದ್ದರ ಮರ್ಮ ಅದು.

ಹಿಂಬದಿಯ ಮಸಿಯ ವಿಷಯ ಬೇರೆ. ಅದು ಸೌದೆಯ ಹೊಗೆಯಿಂದ ಕೂತದ್ದು, ನಿಜವಾದ ಕೊಳೆ. ದಪ್ಪವಾದರೆ ಕಾವನ್ನು ತಡೆಯುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಕೆರೆಯಬೇಕು. ಒಲೆಗೇರಿಸುವ ಮುಂಚೆ ಪಾತ್ರೆಯ ಅಡಿಗೆ ಮಣ್ಣನ್ನೋ ಬೂದಿಯನ್ನೋ ಕಲಸಿ ಬಳಿಯುತ್ತಿದ್ದ ಹಿಂದಿನವರ ಉಪಾಯ ಇಲ್ಲಿಯೂ ಸಲ್ಲುತ್ತದೆ. ಮಸಿ ಆ ಲೇಪದೊಡನೆ ತೊಳೆದುಹೋಗುತ್ತದೆ. ನಾವು ಚಿಕ್ಕವರಾಗಿದ್ದಾಗ, ಒಲೆಯಿಂದ ಇಳಿಸಿದ ಕಾವಲಿಯ ಬೆನ್ನಿನಲ್ಲಿ ಮಸಿಗೆ ಕಿಡಿ ತಗುಲಿ ಕೆಂಪು ಚುಕ್ಕೆಗಳು ಓಡಾಡುವುದನ್ನು ಕತ್ತಲಲ್ಲಿ ಕುಳಿತು ನೋಡುತ್ತಿದ್ದೆವು, ನಕ್ಷತ್ರವೆಂದು ಕೂಗುತ್ತಿದ್ದೆವು. ಗ್ಯಾಸಿನ ಒಲೆಯ ಮಕ್ಕಳಿಗೆ ಆ ಆಕಾಶ ಇಲ್ಲ.

ಹೊರಗಿನ ಕಾವಲಿಗೆ ಅತಿ ದೊಡ್ಡ ಶತ್ರು ಮಳೆಗಾಲ. ಮಳೆಯ ಹನಿ ನೇರವಾಗಿ ಬೀಳಬೇಕೆಂದೇನೂ ಇಲ್ಲ. ರಾತ್ರಿ ತಣ್ಣಗಾದ ಲೋಹದ ಮೇಲೆ ಗಾಳಿಯ ತೇವವೇ ಹನಿಗಟ್ಟುತ್ತದೆ. ನನ್ನ ಮೊದಲ ತಪ್ಪು ತಿಕ್ಕಿದ್ದಲ್ಲ, ಅದಕ್ಕೂ ಮುಂಚಿನದು. ತಣ್ಣಗಾದ ಒಲೆಯ ಬೂದಿಯ ಮೇಲೆ ಒಂದು ಮಳೆಗಾಲವಿಡೀ ಅದನ್ನು ಬಿಟ್ಟದ್ದು. ಬೂದಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವಗೊಂಡ ಬೂದಿಯ ಕ್ಷಾರ ಪೊರೆಯನ್ನು ಸಡಿಲಿಸುತ್ತದೆ. ಈಗ ಬಳಕೆ ಮುಗಿದೊಡನೆ ಕಾವಲಿಯನ್ನು ಒಲೆಯಿಂದ ಇಳಿಸುತ್ತೇನೆ. ಒಣಗಿಸಿ, ಎಣ್ಣೆ ಸವರಿ ಒರೆಸಿ, ಗೋಡೆಗೆ ತಾಗದಂತೆ ಮಾಡಿನ ಅಡ್ಡತೊಲೆಗೆ ತೂಗುಹಾಕುತ್ತೇನೆ. ಮೇಲೊಂದು ಹಳೆಯ ಹತ್ತಿಬಟ್ಟೆ. ಪ್ಲಾಸ್ಟಿಕ್ ಹೊದಿಕೆ ಕೂಡದು. ಅದು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ, ದೋಸೆ ಇರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಇಳಿಸಿ ಕಾಯಿಸುತ್ತೇನೆ. ಕಡಲ ತಡಿಯಲ್ಲಿರುವವರು ಇನ್ನೂ ಜಾಗರೂಕರಾಗಬೇಕು. ಉಪ್ಪುಗಾಳಿ ತುಕ್ಕಿಗೆ ಹಾದಿ ಹಾಸಿಕೊಡುತ್ತದೆ.

ಇಷ್ಟೆಲ್ಲ ಗೋಳು ಏಕೆ, ಅಂಟದ ಕಾವಲಿ ಅಂಗಡಿಯಲ್ಲಿ ಸಿಗುವುದಿಲ್ಲವೆ ಎಂದು ನನ್ನ ಮಗ ಕೇಳಿದ. ಸಿಗುತ್ತದೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ವಸ್ತುವನ್ನು 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಬಾಣಲೆಗೆ ಅಂಟಿಸುವ ಬಗೆ ಕಂಡುಕೊಂಡ. ಟೆಫ್ಲಾನ್ ಕಾವಲಿಗಳ ಮೂಲ ಅದು. ಸುಮಾರು 260 ಡಿಗ್ರಿ ದಾಟಿದರೆ ಆ ಲೇಪ ಕೆಡತೊಡಗುತ್ತದೆ. ಸೌದೆಯ ಒಲೆಗೆ ಅದು ಹೇಳಿದ್ದಲ್ಲ. ಮನೆಯೊಳಗಿನ ಮೆಲ್ಲನೆಯ ಉರಿಗೆ ಅದು ತಕ್ಕದ್ದೇ. ಅದನ್ನು ಜರೆಯುವ ಹಟ ನನಗಿಲ್ಲ. ಆದರೆ ಅದು ಅತ್ಯುತ್ತಮವಾಗಿರುವುದು ಕೊಂಡುತಂದ ದಿನ. ಆಮೇಲೆ ದಿನದಿನವೂ ಇಳಿಮುಖ. ನಮ್ಮ ಕಾವಲಿಯ ಲೆಕ್ಕ ತಿರುಗುಮುರುಗು.

ಕಳೆದ ದೀಪಾವಳಿಗೆ ನಾದಿನಿ ಮತ್ತೆ ಬಂದಳು. ಕಾವಲಿಯ ನಡುಭಾಗ ಆ ಹೊತ್ತಿಗೆ ಪೂರ್ತಿ ಕಪ್ಪಾಗಿತ್ತು. ಅಂಚು ಇನ್ನೂ ಕಂದು. ಅವಳೇ ಒಲೆಯ ಮುಂದೆ ಕುಳಿತಳು. ಮೊದಲನೆಯ ದೋಸೆ ಹರಿಯಿತು, ಎರಡನೆಯದು ಅರ್ಧ ಎದ್ದಿತು, ಮೂರನೆಯದು ಇಡಿಯಾಗಿ ಬಂತು. ಅದನ್ನು ನನ್ನ ತಟ್ಟೆಗೆ ಹಾಕಿ, ಕಾವಲಿಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿದಳು. “ಅಂಚಲ್ಲಿ ಇನ್ನೂ ಹಿಡಿಯುತ್ತೆ ಭಾವ. ಕೆಂಡ ಆ ಕಡೆ ಸರಿಸಿ” ಎಂದಳು. ಅಂದಿನಿಂದ ಕೆಂಡವನ್ನು ಅಂಚಿಗೆ ಸರಿಸಿ ಕಾಯಿಸುತ್ತಿದ್ದೇನೆ.